ಶಸ್ತ್ರಚಿಕಿತ್ಸೆಯ ತರುವಾಯ ನಮ್ಮ ಉದರ

ಹೊಟ್ಟೆಪಾಡು, ಹೊಟ್ಟೆಯುರಿ, ಹೊಟ್ಟೆನೋವು ಇವೆಲ್ಲವೂ ನಾಲ್ಕು ಜನರ ನಡುವೆ ಆಡಬಹುದಾದ ಮಾತುಗಳೇ. ಹೊಟ್ಟೆಯ ತೊಗಲಿನ ಮಾತು ಬಂದಾಗ ಮಾತ್ರ ಎಲ್ಲರೂ ದನಿಯನ್ನು ತಗ್ಗಿಸುವರು. ಈಚೆಗೆ ನಮ್ಮ ಕಡೆಯ ಊರುಗಳಲ್ಲಿಯೂ ಅನೇಕರು ಉದರದ ಜೋಲುಚರ್ಮವನ್ನು ಕೊಯ್ಯಿಸಿ ಬಿಗಿ ಮಾಡಿಸಿಕೊಳ್ಳುತ್ತಿರುವರು. ವೈದ್ಯರು ಇದಕ್ಕೆ ಅಬ್ಡಾಮಿನೋಪ್ಲಾಸ್ಟಿ ಎಂದೂ ಜನರು ಟಮ್ಮಿ ಟಕ್ ಎಂದೂ ಹೇಳುವರು. ಮಾಡಿಸಿಕೊಂಡವರು ಅದರ ಸುದ್ದಿಯನ್ನು ಎತ್ತುವುದಿಲ್ಲವಾದ್ದರಿಂದ, ಆಮೇಲೆ ಶರೀರವು ಏನೇನು ಮಾಡುವುದೆಂಬುದು ಗೃಹಸ್ಥರಿಗೆ ತಿಳಿಯುವ ಬಗೆಯೇ ಇಲ್ಲ. ನಾವು ಹದಿನಾಲ್ಕು ತಿಂಗಳ ಹಿಂದೆ ಮಾಡಿಸಿಕೊಂಡೆವು. ಸಂಕೋಚವನ್ನು ಬದಿಗಿಟ್ಟು ಅದರ ವೃತ್ತಾಂತವನ್ನು ವಾಚಕರ ಮುಂದೆ ಇಡುತ್ತಿರುವೆವು.

ಮೂವತ್ತನಾಲ್ಕು ವರ್ಷ ಸಂಸ್ಕೃತವನ್ನು ಕಲಿಸಿದ ನಮ್ಮನ್ನು ಶಾಲೆಯ ಹುಡುಗರು ಬೆನ್ನ ಹಿಂದೆ ಲಂಬೋದರ ಎನ್ನುತ್ತಿದ್ದರು. ಬಹುವ್ರೀಹಿಗೆ ಉದಾಹರಣೆ ಕೇಳಿದರೆ ಆ ಶಬ್ದವನ್ನೇ ಹೇಳಿ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಉದಾಹರಣೆ ಸರಿಯಾಗಿಯೇ ಇದ್ದುದರಿಂದ ಗದರಿಸುವಂತಿರಲಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ ನಮ್ಮ ತೂಕ ೯೮ ಕಿಲೋಗ್ರಾಂ ಮುಟ್ಟಿ, ಸಕ್ಕರೆಕಾಯಿಲೆಯೂ ಕಾಣಿಸಿಕೊಂಡಿತು. ನಡಿಗೆಯಿಂದಲೂ ಊಟದ ನಿಯಮದಿಂದಲೂ ಎರಡೂವರೆ ವರ್ಷಗಳಲ್ಲಿ ೬೮ಕ್ಕೆ ಇಳಿದೆವು. ಸಕ್ಕರೆ ಹತೋಟಿಗೆ ಬಂದಿತು. ಆದರೆ ಒಳಗಿನ ಮೇದಸ್ಸು ಕರಗಿದರೂ ಮೇಲಿನ ಚೀಲ ಹಾಗೆಯೇ ಉಳಿಯಿತು. ತೊಗಲು ಮಡಿಕೆಯಾಗಿ ತೊಡೆಯ ಸಂದಿಯವರೆಗೆ ಜೋಲುತ್ತಿತ್ತು. ಬೇಸಗೆಯಲ್ಲಿ ಆ ಮಡಿಕೆಯೊಳಗೆ ಬೆವರು ನಿಂತು ಹುಣ್ಣಾಗಿ ದುರ್ಗಂಧ ಬರುತ್ತಿತ್ತು. ಸಾಲದುದಕ್ಕೆ ಕೆಮ್ಮಿದಾಗ ಹೊಕ್ಕುಳು ನಿಂಬೆಹಣ್ಣಿನ ಗಾತ್ರಕ್ಕೆ ಉಬ್ಬುತ್ತಿತ್ತು. ಅದು ಹರ್ನಿಯಾ ಎಂದು ಡಾಕ್ಟರರು ಹೇಳಿದರು. ಹರ್ನಿಯಾ ಸರಿಪಡಿಸುವಾಗಲೇ ಜೋಲುಚರ್ಮವನ್ನೂ ತೆಗೆಯಬಹುದೆಂದರು. ತೂಕ ಆರು ತಿಂಗಳು ಏರದೆ ಇಳಿಯದೆ ನಿಂತ ಮೇಲೆ ಬನ್ನಿರೆಂದು ಕಳುಹಿಸಿದರು. ಇದು ತೂಕ ಇಳಿಸುವ ಉಪಾಯವಲ್ಲ, ಇಳಿಸಿದ ಮೇಲೆ ಉಳಿದುದನ್ನು ತೆಗೆಯುವ ಉಪಾಯ ಎಂಬುದನ್ನು ಅವರು ಮೂರು ಸಲ ಹೇಳಿದರು.

ನಮ್ಮ ಅಕ್ಕನವರಿಗೆ ಸುದ್ದಿ ಮುಟ್ಟಿದೊಡನೆ ಬಂದು, "ಅರವತ್ತಕ್ಕೆ ಅರಳುಮರಳು ಅಂತಾರೆ, ನಿನಗೆ ಹೊಟ್ಟೆಯ ಮೇಲೇ ಬಂತೇನೋ? ಇದೆಲ್ಲ ವಿಲಾಯಿತಿಯವರ ಶೋಕಿ" ಎಂದರು. ಶೋಕಿಯ ಮಾತಿಗೆ ನಾವು ಉತ್ತರ ಕೊಡಲಿಲ್ಲ. ವಿಲಾಯಿತಿಯ ಮಾತಿಗೆ ಮಾತ್ರ ಕೊಟ್ಟೆವು. ಈ ಉದರದ ಶಸ್ತ್ರಕ್ರಿಯೆಯನ್ನು ಅಮೆರಿಕದ ಬಾಲ್ಟಿಮೋರ್ ನಗರದ ಹೋವರ್ಡ್ ಕೆಲಿ ಎಂಬ ವೈದ್ಯರು ೧೮೯೯ರಲ್ಲಿ ವರದಿ ಮಾಡಿದರೆಂಬುದು ನಿಜ. ಆದರೆ ಚರ್ಮವನ್ನು ಬಿಡಿಸಿ ಎಳೆದು ಇನ್ನೊಂದು ಕಡೆ ಕೂರಿಸುವ ವಿದ್ಯೆ ನಮ್ಮಲ್ಲಿ ಹಳೆಯದು. ಟಿಪ್ಪುವಿನ ಸೆರೆಯಲ್ಲಿ ಮೂಗನ್ನು ಕಳೆದುಕೊಂಡ ಕವಾಸ್‌ಜಿ ಎಂಬ ಇಂಗ್ಲಿಷ್ ದಂಡಿನ ಬಂಡಿಯವನಿಗೆ ಪುಣೆಯ ಕಡೆ ಹಣೆಯ ಚರ್ಮದಿಂದ ಹೊಸ ಮೂಗನ್ನು ಮಾಡಿದುದನ್ನು ಲಂಡನ್ನಿನ ಮಾಸಪತ್ರಿಕೆಯೊಂದು ೧೭೯೪ರಲ್ಲಿ ಚಿತ್ರಸಹಿತ ಅಚ್ಚುಹಾಕಿತು. ಅದನ್ನು ನೋಡಿಯೇ ಯೂರೋಪಿನವರಿಗೆ ಆ ಕೆಲಸದಲ್ಲಿ ಉತ್ಸಾಹ ಹೆಚ್ಚಿತು. ಸುಶ್ರುತಸಂಹಿತೆಯಲ್ಲಿ ವೇಲ್ಲಿತಕ, ಗೋಫಣಿಕಾ, ತುನ್ನಸೇವನೀ, ಋಜುಗ್ರಂಥಿ ಎಂದು ನಾಲ್ಕು ಬಗೆಯ ಹೊಲಿಗೆ ಹೇಳಿದೆ. ಕರುಳಿನ ರಂಧ್ರವನ್ನು ಕರಿಯ ಇರುವೆಗಳಿಂದ ಕಚ್ಚಿಸಿ ಮುಚ್ಚುವ ಕ್ರಮವೂ ಅಲ್ಲಿದೆ. ಅಕ್ಕನವರು ಇರುವೆಯ ಮಾತಿಗೆ ಮುಖ ಸಿಂಡರಿಸಿಕೊಂಡು ಒಳಗೆ ಹೋದರು.

ಟಕ್ ಎಂದರೆ ಸೀರೆಯ ನಿರಿಗೆಯನ್ನು ಸಿಕ್ಕಿಸುವಂತೆ ಒಳಕ್ಕೆ ಸೇರಿಸುವುದೆಂದು ಅರ್ಥ. ಹೆಸರು ಬಹಳ ಹಗುರ, ಕೆಲಸ ಅಷ್ಟು ಹಗುರವಲ್ಲ. ಕಿಬ್ಬೊಟ್ಟೆಯಲ್ಲಿ ಒಂದು ಸೊಂಟದ ಮೂಳೆಯಿಂದ ಇನ್ನೊಂದರವರೆಗೆ ಕೊಯ್ದು, ಚರ್ಮವನ್ನೂ ಅದರ ಕೆಳಗಿನ ಕೊಬ್ಬನ್ನೂ ಸ್ನಾಯುವಿನಿಂದ ಬಿಡಿಸಿ ಪಕ್ಕೆಲುಬಿನವರೆಗೆ ಎತ್ತುವರು. ನಡುವೆ ಅಗಲಿದ ಎರಡು ನೀಳ ಸ್ನಾಯುಗಳನ್ನು ಮೇಲಿನಿಂದ ಕೆಳಗೆ ಹೊಲಿದು ಹತ್ತಿರಕ್ಕೆ ತರುವರು. ತರುವಾಯ ಚರ್ಮವನ್ನು ಕೆಳಕ್ಕೆ ಎಳೆದು ಹೆಚ್ಚಾದುದನ್ನು ಕತ್ತರಿಸುವರು. ಹೊಕ್ಕುಳು ತನ್ನ ಬುಡದ ಮೇಲೆ ಇದ್ದ ಸ್ಥಳದಲ್ಲಿಯೇ ಇರುವುದು. ಮೇಲಿನ ಚರ್ಮದಲ್ಲಿ ಹೊಸ ರಂಧ್ರ ಮಾಡಿ ಅದನ್ನು ಹೊರಕ್ಕೆ ತರುವರು. ಹೊಕ್ಕುಳಲ್ಲಿಯೇ ಹರ್ನಿಯಾ ಇದ್ದರೆ ಅದರ ರಕ್ತಸಂಚಾರಕ್ಕೆ ಅಪಾಯ ಹೆಚ್ಚು, ಕೆಲವೊಮ್ಮೆ ಅದು ಉಳಿಯದಿರಬಹುದು ಎಂದು ನಮಗೆ ಮೊದಲೇ ಹೇಳಿದ್ದರು. ನಮ್ಮದು ಉಳಿಯಿತು. ತೆಗೆದ ಚರ್ಮ ಎರಡು ಕಿಲೋಗ್ರಾಂ ಚಿಲ್ಲರೆ ತೂಗಿತು. ಆರು ವಾರ ಮೊದಲಿನಿಂದ ನಸ್ಯವನ್ನು ಬಿಡಿಸಿದ್ದರು. ಹೊಗೆಬತ್ತಿಯಾಗಲಿ ನಸ್ಯವಾಗಲಿ, ಅದರಲ್ಲಿರುವ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುವುದು. ಎಳೆದು ಹೊಲಿದ ಚರ್ಮದ ಅಂಚಿಗೆ ರಕ್ತ ಸಾಲದೆ ಅದು ಕಪ್ಪಾಗಿ ಸತ್ತುಹೋಗಬಹುದು. ಒಂದು ಸೀನಿಗೆ ಹೊಟ್ಟೆ ಎಷ್ಟು ನೋಯುವುದೆಂಬುದನ್ನು ಕಂಡ ಮೇಲೆ ನಸ್ಯದ ಡಬ್ಬಿಯ ಆಸೆ ತಾನಾಗಿಯೇ ಹೋಯಿತು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ನಾವು ಅರ್ಧ ಮುಚ್ಚಿದ ಪುಸ್ತಕದಂತೆ ಇದ್ದೆವು. ಬೆನ್ನು ಎತ್ತರ, ಮಂಡಿಗಳು ಮಡಿಸಿ. ಹೊಲಿಗೆಯ ಮೇಲೆ ಎಳೆತ ಬೀಳದಿರಲೆಂದು ಹೀಗೆ ಮಲಗಿಸುವರು. ಮೊದಲ ಹತ್ತು ದಿನ ಮನೆಯಲ್ಲಿಯೂ ಹೀಗೆಯೇ ಮಲಗಿದೆವು. ಏಳುವಾಗ ನೇರವಾಗಿ ಏಳಕೂಡದು. ಮಗ್ಗುಲಿಗೆ ಹೊರಳಿ, ಕಾಲನ್ನು ಕೆಳಗೆ ಬಿಟ್ಟು, ಕೈಯೂರಿ ಏಳತಕ್ಕದ್ದು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬನ್ನು ಅವುಚಿಕೊಳ್ಳತಕ್ಕದ್ದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಊಟ ಮಾಡುವವರೂ, ಕುಕ್ಕರಗಾಲಲ್ಲಿ ಕೂರುವ ಶೌಚಾಲಯವಿರುವವರೂ ಮೊದಲೇ ಬೇರೆ ಏರ್ಪಾಟು ಮಾಡಿಕೊಳ್ಳಬೇಕು. ನೋವಿನ ಮಾತ್ರೆಗಳು ಮಲವನ್ನು ಕಟ್ಟುವುವು. ಮುಕ್ಕಿದರೆ ಒಳಗಿನ ಹೊಲಿಗೆಗೆ ಪೆಟ್ಟು. ಪಥ್ಯವೆಂದು ಬರೀ ಗಂಜಿ, ತಿಳಿಸಾರು ಹಾಕುವ ನಮ್ಮ ಮನೆಗಳ ಪದ್ಧತಿ ಇಲ್ಲಿ ಒಳ್ಳೆಯದಲ್ಲ. ಬೇಳೆ, ಮೊಸರು, ಸೊಪ್ಪು, ಹಣ್ಣು, ಧಾರಾಳವಾಗಿ ನೀರು ಬೇಕು. ಗಾಯ ಕೂಡುವುದು ಆಹಾರದಿಂದಲೇ ಅಲ್ಲವೆ?

ಹೊಟ್ಟೆಯ ಎರಡು ಪಕ್ಕಗಳಿಂದ ಎರಡು ಸಣ್ಣ ಕೊಳವೆಗಳು ಹೊರಟು ಎರಡು ಉರುಟು ಡಬ್ಬಿಗಳಲ್ಲಿ ಮುಗಿಯುತ್ತಿದ್ದುವು. ಚರ್ಮವನ್ನು ಸ್ನಾಯುವಿನಿಂದ ಬಿಡಿಸಿದ ಜಾಗದಲ್ಲಿ ಒಸರುವ ನೀರನ್ನು ಅವು ಹೊರಕ್ಕೆ ಎಳೆಯುವುವು. ಪ್ರತಿದಿನವೂ ಅಳೆದು ಬರೆದಿಡಿರೆಂದರು. ಹಾಜರಿ ಪುಸ್ತಕ ಬರೆದ ಕೈಗೆ ಇದಕ್ಕಿಂತ ಒಗ್ಗುವ ಕೆಲಸ ಬೇರೆಯಿಲ್ಲ. ಎಡ, ಬಲ, ಬೆಳಿಗ್ಗೆ, ಸಂಜೆ, ಬಣ್ಣ ಎಂದು ಐದು ಅಂಕಣ ಎಳೆದೆವು. ಮೊದಲು ಕೆಂಪು, ಆಮೇಲೆ ನಸುಗೆಂಪು, ಕಡೆಗೆ ನಿಂಬೆಯ ಪಾನಕದ ಬಣ್ಣ. ಒಂದೊಂದರಲ್ಲಿ ದಿನಕ್ಕೆ ೩೦ ಮಿಲಿಲೀಟರಿಗಿಂತ ಕಡಿಮೆಯಾದ ಮೇಲೆ, ಒಂಬತ್ತನೆಯ ದಿನ, ಅವನ್ನು ತೆಗೆದರು. ಅಷ್ಟರವರೆಗೆ ಜನಿವಾರವು ಆ ಕೊಳವೆಗಳಿಗೆ ದಿನಕ್ಕೆ ನಾಲ್ಕು ಸಲ ತೊಡರಿಕೊಂಡು ಎರಡೂ ಕಡೆಗೆ ಸಂಕಟವಾಯಿತು. ಕಡೆಗೆ ಮಾಲೆಯಂತೆ ಕೊರಳಿಗೆ ಹಾಕಿಕೊಂಡೆವು. ಕೊಳವೆ ತೆಗೆದ ಮೇಲೆಯೂ ಕೆಲವರಿಗೆ ನೀರು ಒಳಗೆ ಸೇರಿಕೊಂಡು ತಟ್ಟಿದರೆ ತೊಳಗುವುದು. ಅದನ್ನು ಡಾಕ್ಟರರು ಸೂಜಿಯಿಂದ ತೆಗೆಯುವರು.

ನಡಿಗೆ ಮೊದಲ ದಿನವೇ ಪ್ರಾರಂಭ. ಸೊಂಟ ಬಗ್ಗಿಸಿಕೊಂಡೇ ನಡೆಯಬೇಕು. ನೆಟ್ಟಗಾಗಲು ಎರಡು ವಾರ ಹಿಡಿಯಿತು. ನಮ್ಮ ಮೊಮ್ಮಗಳು "ತಾತ ಏನು ಹುಡುಕ್ತಾ ಇದ್ದಾರೆ ಅಜ್ಜಿ?" ಎಂದು ಕೇಳಿ ತಾನೂ ನಮ್ಮ ಹಿಂದೆ ಬಗ್ಗಿ ನೆಲವನ್ನು ನೋಡುತ್ತ ಬಂದಳು. ಇಷ್ಟು ಬೇಗ ನಡೆಸುವುದೇಕೆಂದರೆ, ಅಲುಗಾಡದೆ ಮಲಗಿದವರ ಕಾಲಿನ ಒಳನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಈ ಶಸ್ತ್ರಕ್ರಿಯೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಅಂಜಬೇಕಾದುದು ಅದಕ್ಕೆ. ಹನ್ನೆರಡನೆಯ ರಾತ್ರಿ ನಮ್ಮ ಎಡಗಾಲಿನ ಮೀನಖಂಡ ನೋಯತೊಡಗಿತು. ಮುಟ್ಟಿದರೆ ಬಲಗಾಲಿಗಿಂತ ಬಿಗಿಯಾಗಿತ್ತು. ನೆರೆಯವರೊಬ್ಬರು ಪ್ರೀತಿಯಿಂದಲೇ ಎಳ್ಳೆಣ್ಣೆ ಹಚ್ಚಿ ನೀವುತ್ತೇನೆಂದು ಬಂದರು. ನಮ್ಮ ಮಗಳು ಅವರ ಕೈಯನ್ನು ಹಿಡಿದು ನಿಲ್ಲಿಸಿ, ಆ ರಾತ್ರಿ ಹನ್ನೊಂದು ಗಂಟೆಗೆ ಆಸ್ಪತ್ರೆಗೆ ಹೊರಡಿಸಿದಳು. ಹೆಪ್ಪಿರುವ ಕಾಲನ್ನು ನೀವುವುದು ಅದನ್ನು ಕಳಚಿ ಮೇಲಕ್ಕೆ ಕಳುಹಿಸಿದಂತಾಗಬಹುದು. ಕಾರಿನಲ್ಲಿ ನಮ್ಮ ಮನೆಯವರು ಒಂದು ಮಾತನ್ನೂ ಆಡಲಿಲ್ಲ. ನಮ್ಮ ಕೈಯನ್ನು ಹಿಡಿದುಕೊಂಡಿದ್ದರು, ಅಷ್ಟೆ. ಡಾಪ್ಲರ್ ಎಂಬ ಶಬ್ದತರಂಗದ ಯಂತ್ರದಿಂದ ನೋಡಿದರು. ಹೆಪ್ಪಿರಲಿಲ್ಲ, ಬಗ್ಗಿ ನಡೆದು ಸ್ನಾಯು ಉಳುಕಿತ್ತು. ಬೆಳಗಿನ ಜಾವ ಮನೆಗೆ ಬಂದು ಕಾಫಿ ಕುಡಿದೆವು. ಒಂದೇ ಕಾಲು ಊದಿದರೆ, ಉಸಿರು ಕಟ್ಟಿದರೆ, ಎದೆ ನೋಯಿಸಿದರೆ, ಜ್ವರ ಬಂದರೆ, ಗಾಯದಿಂದ ದುರ್ಗಂಧವಾದರೆ, ಚರ್ಮ ಕಪ್ಪಾದರೆ ಬೆಳಗಾಗಲೆಂದು ಕಾಯತಕ್ಕದ್ದಲ್ಲ.

ಇನ್ನು ಮೂರನೆಯ ವಾರ. ಕೊಳವೆಗಳು ಹೋಗಿ, ನೋವು ತಗ್ಗಿ, ಬೆನ್ನು ನೆಟ್ಟಗಾಗಿದ್ದಾಗ ಒಂದು ದಿನ ಬಿಗಿಪಟ್ಟಿಯನ್ನು ಬಿಚ್ಚಿ ಕನ್ನಡಿಯ ಮುಂದೆ ನಿಂತೆವು. ಹೊಟ್ಟೆ ಊದಿ ಗಟ್ಟಿಯಾಗಿತ್ತು. ಗಾಯದ ಗೆರೆ ಕೆಂಪಾಗಿ ಉಬ್ಬಿತ್ತು. ಹೊಕ್ಕುಳಿನ ಸುತ್ತ ಕರಿಯ ಹಕ್ಕಳೆ. ತಕ್ಕಡಿಯ ಮೇಲೆ ನಿಂತರೆ ೭೦ ತೋರಿಸಿತು! ೬೮ರಿಂದ ಎರಡನ್ನು ಕಳೆದರೆ ೭೦ ಆಗುವುದು ಯಾವ ಗಣಿತ? ಕೊಯ್ದ ಶರೀರವು ನೀರನ್ನು ಹಿಡಿದಿಟ್ಟುಕೊಳ್ಳುವುದೆಂದು ಆಮೇಲೆ ತಿಳಿಯಿತು. ಆದರೆ ಆ ಹೊತ್ತಿಗೆ ನಮಗೆ ಅಳುವೇ ಬಂದಿತು. ಇಷ್ಟು ಹಣ, ಇಷ್ಟು ಜನರ ನಿದ್ದೆ, ಮಗಳು ಕೆಲಸಕ್ಕೆ ಹಾಕಿದ ರಜ, ಎಲ್ಲವನ್ನೂ ಸುರಿದು ಮೊದಲಿಗಿಂತ ವಿಕಾರವಾದೆವೆಂದು ನಮ್ಮ ಮನೆಯವರೊಡನೆ ಹೇಳಿಕೊಂಡೆವು. ಅವರು ಪಟ್ಟಿಯನ್ನು ಮಡಿಸುತ್ತ, "ಮಗಳು ಹುಟ್ಟಿದ ಮೇಲೆ ನನ್ನ ಹೊಟ್ಟೆ ಮೂರು ತಿಂಗಳು ತುಂಬಿದ ಬಸುರಿಯ ಹಾಗೇ ಇತ್ತು. ಆಗ ಯಾರು ಕನ್ನಡಿ ತಂದುಕೊಟ್ಟಿದ್ದರು? ಇನ್ನೂ ಮೂರು ತಿಂಗಳು ಸುಮ್ಮನಿರಿ" ಎಂದರು. ನಾವು ಸುಮ್ಮನಾದೆವು. ಆ ದಿನದಿಂದ ಕನ್ನಡಿಗೆ ಒಂದು ಬಟ್ಟೆಯನ್ನು ಇಳಿಬಿಟ್ಟರು.

ಅವರು ಹೇಳಿದಂತೆಯೇ ನಡೆಯಿತು. ಬಾವು ಬೆಳಿಗ್ಗೆ ಕಡಿಮೆ, ಸಂಜೆ ಹೆಚ್ಚು. ಒಂದು ದಿನ ಇಳಿದು ಮರುದಿನ ಏರುವುದು. ವಾರದಿಂದ ವಾರಕ್ಕೆ ನೋಡಿದರೆ ಏನೂ ಕಾಣದು, ತಿಂಗಳಿಂದ ತಿಂಗಳಿಗೆ ನೋಡಿದರೆ ಕಾಣುವುದು. ಮೂರು ತಿಂಗಳಿಗೆ ಬಹುಪಾಲು ಇಳಿಯಿತು. ಪೂರ್ತಿ ಇಳಿಯಲು ವರ್ಷವೇ ಬೇಕಾಯಿತು. ಬಿಗಿಪಟ್ಟಿಯನ್ನು ಆರು ವಾರ ಹಗಲಿರುಳು ಕಟ್ಟಿದೆವು. ಬಾಣಂತಿಯ ಹೊಟ್ಟೆಗೆ ಹಳೆಯ ಸೀರೆಯನ್ನು ಸುತ್ತುವ ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬಹಳ ಬಿಗಿದರೆ ಉಸಿರಿಗೂ ರಕ್ತಕ್ಕೂ ತೊಂದರೆ. ಸುಕ್ಕಾದರೆ ಚರ್ಮದ ಮೇಲೆ ಬರೆ.

ಸ್ತ್ರೀಯರ ಮಾತು ಬಂದುದರಿಂದ ಒಂದೆರಡು ಸಂಗತಿ. ಈ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಳ್ಳುವವರಲ್ಲಿ ಹೆಚ್ಚಿನವರು ನಮ್ಮಂಥ ಮುದುಕರಲ್ಲ, ಹೆತ್ತ ತಾಯಂದಿರು. ಬಸುರಿನಲ್ಲಿ ಅಗಲಿದ ಸ್ನಾಯುಗಳು ಕೆಲವರಿಗೆ ಮತ್ತೆ ಕೂಡುವುದೇ ಇಲ್ಲ. ಇನ್ನು ಮಕ್ಕಳು ಬೇಡವೆಂದು ನಿಶ್ಚಯವಾದ ಮೇಲೆಯೇ ಮಾಡಿಸುವುದು ಯುಕ್ತ. ಮತ್ತೊಂದು ಬಸುರು ಆ ಹೊಲಿಗೆಯನ್ನೂ ಚರ್ಮವನ್ನೂ ಪುನಃ ಸಡಿಲಿಸಬಹುದು. ಆರು ವಾರ ಐದು ಕಿಲೋಗ್ರಾಂ ಭಾರವನ್ನು ಕೂಡ ಎತ್ತಕೂಡದು. ನಮಗೆ ಇದು ಕಷ್ಟವೆನಿಸಲಿಲ್ಲ, ಏಕೆಂದರೆ ನೀರಿನ ಕೊಡವನ್ನಾಗಲಿ ಕುಕ್ಕರನ್ನಾಗಲಿ ನಾವು ಎತ್ತುವವರೇ ಅಲ್ಲ. ಕೂಸು ಅತ್ತು ಕೈಚಾಚಿದಾಗ ಎತ್ತದೆ ನಿಲ್ಲಬೇಕಾದ ತಾಯಿಯ ಪಾಡು ಬೇರೆ. ಮನೆಯಲ್ಲಿ ಇನ್ನೊಂದು ಜೊತೆ ಕೈಗಳು ಇಲ್ಲದಿದ್ದರೆ ಅಂಥವಳು ಮಾಡಿಸಿಕೊಳ್ಳುವುದನ್ನು ಮುಂದಕ್ಕೆ ಹಾಕುವುದೇ ಲೇಸು. ಗಂಡಂದಿರು ಇದನ್ನು ಓದುತ್ತಿದ್ದರೆ ಆ ಕೈಗಳು ಯಾರವೆಂಬುದನ್ನು ನಾವು ಹೇಳಬೇಕಾಗಿಲ್ಲ. ಹಣದ ವಿಷಯವನ್ನೂ ಮೊದಲೇ ವಿಚಾರಿಸಬೇಕು. ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಆರೋಗ್ಯವಿಮೆ ಹಣ ಕೊಡುವುದಿಲ್ಲ; ನಮಗೆ ಹರ್ನಿಯಾದ ಪಾಲು ಬಂದಿತು, ಚರ್ಮದ ಪಾಲು ಕೈಯಿಂದಲೇ ಹೋಯಿತು.

ಎಲ್ಲಕ್ಕಿಂತ ವಿಚಿತ್ರವಾದುದು ಸ್ಪರ್ಶವಿಲ್ಲದಿರುವುದು. ಚರ್ಮವನ್ನು ಎತ್ತುವಾಗ ಸ್ನಾಯುವಿನೊಳಗಿಂದ ಅದಕ್ಕೆ ಬರುವ ಸಣ್ಣ ನರತಂತುಗಳು ತುಂಡಾಗುವುವು. ಹೊಕ್ಕುಳಿನಿಂದ ಗಾಯದವರೆಗಿನ ಜಾಗವನ್ನು ಮುಟ್ಟಿದರೆ ನಮ್ಮ ಬೆರಳಿಗೆ ಹೊಟ್ಟೆ ತಿಳಿಯುತ್ತಿತ್ತು, ಹೊಟ್ಟೆಗೆ ಬೆರಳು ತಿಳಿಯುತ್ತಿರಲಿಲ್ಲ. ಬೇರೆಯವರ ಶರೀರವನ್ನು ಮುಟ್ಟಿದಂತೆ ಇತ್ತು. ಎರಡನೆಯ ತಿಂಗಳಿನಲ್ಲಿ ಇರುವೆ ಹರಿದಂತೆ ಜುಮುಜುಮು ಶುರುವಾಯಿತು (ಸುಶ್ರುತನ ಇರುವೆಗಳೇ ಎಂದು ನಕ್ಕೆವು); ನರಗಳು ಅಂಚಿನಿಂದ ಒಳಕ್ಕೆ ಬೆಳೆಯುವ ಗುರುತದು. ತುರಿಕೆ ತಿಳಿಯುವುದು, ತುರಿಸಿದುದು ತಿಳಿಯದು! ಈ ಅವಸ್ಥೆಯಲ್ಲಿಯೇ ಅಕ್ಕನವರು ಒಂದು ಸಂಜೆ ಬಂದರು. ಶೋಕಿಯೆಂದು ಹಳಿದವರೇ ಈಗ ನಮ್ಮ ಬಾವನ್ನು ನೋಡಲಾರದೆ, ಹರಳುಪ್ಪನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡಲು ತಂದಿದ್ದರು. ನಮ್ಮ ಮನೆಯವರು, "ಅಕ್ಕಾ, ಬೇಡಿ. ಅವರಿಗೆ ಬಿಸಿ ತಿಳಿಯೋದಿಲ್ಲ, ಸುಟ್ಟರೂ ತಿಳಿಯೋದಿಲ್ಲ" ಎಂದು ಗಂಟನ್ನು ತೆಗೆದುಕೊಂಡು ತಮ್ಮ ಅಂಗೈಗೆ ಒತ್ತಿ ತಟ್ಟನೆ ಬಿಟ್ಟರು. ಅಷ್ಟು ಬಿಸಿಯಾಗಿತ್ತು. ಶಾಖದ ಉಪ್ಪಾಗಲಿ, ಬಿಸಿನೀರಿನ ಚೀಲವಾಗಲಿ, ಮಂಜುಗಡ್ಡೆಯಾಗಲಿ ಈ ಜಾಗಕ್ಕೆ ಕೂಡದು. ಬೊಬ್ಬೆಯೆದ್ದು ಕಣ್ಣಿಗೆ ಕಂಡ ಮೇಲೆಯೇ ಸುಟ್ಟುದು ಗೊತ್ತಾಗುವುದು. ಸ್ನಾನದ ನೀರನ್ನು ಕೂಡ ಕೈಯಿಂದ ನೋಡಿ ಹಾಕಿಕೊಳ್ಳಬೇಕು. ಅಕ್ಕನವರು ಆ ಉಪ್ಪನ್ನು ಹಾಗೆಯೇ ಮಡಿಲಲ್ಲಿ ಹಿಡಿದುಕೊಂಡು ರಾತ್ರಿಯವರೆಗೆ ನಮ್ಮ ಬಳಿ ಕುಳಿತು ಬಾಲ್ಯದ ಮಾತುಗಳನ್ನು ಆಡಿದರು. ಸುಶ್ರುತದಲ್ಲಿ ವ್ರಣಿತನ ಉಪಚಾರಕ್ಕೆಂದೇ ಒಂದು ಅಧ್ಯಾಯವಿದೆ. ಶುಚಿಯಾದ ಮನೆ ಬೇಕು, ಹಗಲುನಿದ್ದೆ ಕೂಡದು, ಪ್ರಿಯವಾಗಿ ಮಾತನಾಡುವ ಆಪ್ತರು ಹತ್ತಿರವಿರಬೇಕು ಎಂದು ಅಲ್ಲಿ ಹೇಳಿದೆ. ಅಕ್ಕನವರು ಅದನ್ನು ಓದಿದವರಲ್ಲ.

ಅದೇ ಗ್ರಂಥದಲ್ಲಿ ವ್ರಣವೆಂಬ ಶಬ್ದವನ್ನು ನಿರ್ವಚಿಸುವಾಗ, ಮಾಯ್ದ ಮೇಲೆಯೂ ದೇಹವಿರುವವರೆಗೆ ಅದರ ಗುರುತು ಅಳಿಯದೆಂದು ಹೇಳಿರುವುದು. ನಮ್ಮ ಗೆರೆ ನಾಲ್ಕು ತಿಂಗಳವರೆಗೆ ಕೆಂಪಾಗಿ, ಬಳಿಕ ಕಂದಾಗಿ, ಈಗ ಕ್ರಮೇಣ ತಿಳಿಯಾಗುತ್ತಿದೆ. ನಮ್ಮಂಥ ಮೈಬಣ್ಣದವರಿಗೆ ಗೆರೆ ಕಪ್ಪಾಗುವುದೂ ಕೆಲವರಿಗೆ ಗಂಟುಗಂಟಾಗಿ ಬೆಳೆಯುವುದೂ ಉಂಟು. ಮೊದಲಿನ ಗಾಯಗಳು ಹಾಗೆ ಬೆಳೆದಿದ್ದರೆ ಡಾಕ್ಟರರಿಗೆ ಮುಂಚೆಯೇ ಹೇಳಬೇಕು. ಸಿಲಿಕೋನ್ ಲೇಪವನ್ನು ಕೆಲವು ತಿಂಗಳು ಹಚ್ಚಿದೆವು. ಸಾಷ್ಟಾಂಗ ನಮಸ್ಕಾರವನ್ನು ಮೂರು ತಿಂಗಳ ಮೇಲೆ ಡಾಕ್ಟರರ ಅಪ್ಪಣೆ ಪಡೆದು ಮಾಡಿದೆವು. ಹೊಟ್ಟೆ ನೆಲಕ್ಕೆ ಮುಟ್ಟುವ ಮೊದಲೇ ಎದೆ ಮುಟ್ಟಿದುದು ಅನೇಕ ವರ್ಷಗಳಲ್ಲಿ ಅದೇ ಮೊದಲು. ಬೇಸಗೆಯ ಹುಣ್ಣು ಈ ವರ್ಷ ಬರಲಿಲ್ಲ.

ಗೆರೆಯ ಮೇಲುಗಡೆ ಅಂಗೈಯಗಲದ ಜಾಗಕ್ಕೆ ಇನ್ನೂ ಸ್ಪರ್ಶ ಬಂದಿಲ್ಲ. ಬಾರದೆಯೂ ಇರಬಹುದೆಂದು ಡಾಕ್ಟರರು ಹೇಳುವರು. ಪಂಚೆಯ ಗಂಟು ಬೀಳುವುದು ಸರಿಯಾಗಿ ಅಲ್ಲಿಯೇ. ಅದು ಬಿಗಿಯಾಗಿದೆಯೋ ಸಡಿಲವಾಗಿದೆಯೋ ಶರೀರಕ್ಕೆ ಗೊತ್ತಾಗುವುದಿಲ್ಲವಾದ್ದರಿಂದ ಕೈಯಿಂದ ಮುಟ್ಟಿ ನೋಡಿಕೊಳ್ಳುತ್ತಿರಬೇಕು. ಮೊನ್ನೆ ನಂಟರ ಮದುವೆಗೆ ಹೋದಾಗಲೂ ಜರಿಯ ಪಂಚೆಯ ಮೇಲೆ ಚರ್ಮದ ಬೆಲ್ಟನ್ನು ಬಿಗಿದು, ಮೇಲೆ ಶಲ್ಯವನ್ನು ಹೊದೆದುಕೊಂಡು ಹೋದೆವು.